ಪಕ್ಕದ ಹೋಂಸ್ಟೇಯ ಹಳೇ ಜನರೇಟರ್ ತಗೊಳ್ಳಲಾ, ಬೇಡ್ವಾ?

ಪ್ರಶ್ನೆ: ನಮಸ್ಕಾರ ಸರ್. ನಮ್ದು ಮಡಿಕೇರಿ ಹತ್ರ ಗಾಳಿಬೀಡು ಕಡೆ ಮೂರು ರೂಮಿನ ಹೋಂಸ್ಟೇ, ಜೊತೆಗೆ ಸ್ವಲ್ಪ ಕಾಫಿ ತೋಟ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಟ್ಟಾದ್ರೆ ಎರಡು ದಿನ ಮೂರು ದಿನ ಕರೆಂಟ್ ಇರಲ್ಲ. ಇನ್ವರ್ಟರ್ ಇದೆ (150 ಎಎಚ್ ಬ್ಯಾಟರಿ ಒಂದು), ಅದು ಮೊದಲ ರಾತ್ರಿಗೇ ಮುಗಿಯುತ್ತೆ. ಪಕ್ಕದ ಹೋಂಸ್ಟೇಯವ್ರು ಎಲ್ಲ ಮಾರಿ ಬೆಂಗಳೂರಿಗೆ ಹೋಗ್ತಿದ್ದಾರೆ, ಅವ್ರ ಹತ್ರ 2.5 ಕೆವಿಎ ಪೆಟ್ರೋಲ್ ಜನರೇಟರ್ ಇದೆ, ಸೆಲ್ಫ್ ಸ್ಟಾರ್ಟು, ಆರು ವರ್ಷ ಆಗಿದೆ, ಆದ್ರೆ ಒಟ್ಟು ಐವತ್ತು ಗಂಟೆನೂ ಓಡಿಲ್ಲ ಅಂತಾರೆ. 32 ಸಾವಿರ ಕೇಳ್ತಿದ್ದಾರೆ. ಅದೇ ಥರದ್ದು ಹೊಸದು ಅಂಗಡಿಯಲ್ಲಿ ಕೇಳಿದ್ರೆ 60 ಸಾವಿರ ಹೇಳಿದ್ರು. ಲೈಟು, ಫ್ರಿಜ್ಜು, ಒಂದು ಡೀಪ್ ಫ್ರೀಜರ್, ವೈಫೈ, ಟಿವಿ, ಬಾವಿಯ 1 ಎಚ್‌ಪಿ ಮೋಟ್ರು ಓಡ್ಬೇಕು. ಗೆಸ್ಟ್‌ಗಳು ಗೀಸರ್ ಕೇಳ್ತಾರೆ. ತಗೋಬಹುದಾ?

ಉತ್ತರ: ಮೊದ್ಲೇ ಹೇಳ್ಬಿಡ್ತೀನಿ, 32 ಸಾವಿರಕ್ಕೆ ಬೇಡ. 20ರ ಆಸುಪಾಸಿಗೆ ಇಳಿದ್ರೆ, ನಾನು ಕೆಳಗೆ ಬರೆದಿರೋ ಟೆಸ್ಟ್‌ಗಳು ಎಲ್ಲ ಸರಿ ಬಂದ್ರೆ, ತಗೊಳ್ಳಿ, ಒಳ್ಳೇ ವ್ಯಾಪಾರಾನೇ. ಆದ್ರೆ ನಿಮ್ಗೆ ಖುಷಿ ಕೊಟ್ಟಿರೋ ಆ "ಐವತ್ತು ಗಂಟೆನೂ ಓಡಿಲ್ಲ" ಅನ್ನೋ ಮಾತಿದ್ಯಲ್ಲ, ನನ್ಗೆ ಡೌಟ್ ಬಂದಿದ್ದೇ ಅಲ್ಲಿ.

ಕಾರು ಬೈಕಿಗೆ ಕಮ್ಮಿ ಓಡಿದೆ ಅಂದ್ರೆ ಬೆಲೆ ಜಾಸ್ತಿ, ಸರಿ. ಜನರೇಟರ್‌ಗೆ, ಅದ್ರಲ್ಲೂ ನಮ್ಮ ಕೊಡಗಿನಲ್ಲಿ, ಈ ಲೆಕ್ಕ ಉಲ್ಟಾ. ಆರು ವರ್ಷಕ್ಕೆ ಐವತ್ತು ಗಂಟೆ ಅಂದ್ರೆ ವರ್ಷಕ್ಕೆ ಎಂಟು ಗಂಟೆ, ಉಳಿದ ಅಷ್ಟೂ ದಿನ ಅದು ಸ್ಟೋರ್ ರೂಮಲ್ಲೋ ಕಾರ್ ಶೆಡ್ಡಲ್ಲೋ ನಿಂತಿದೆ, ಆರು ಕಕ್ಕಡ (ಜುಲೈ-ಆಗಸ್ಟ್) ಮಳೆ ನೋಡಿದೆ, ಬೀರುವಿನಲ್ಲಿಟ್ಟ ಬಟ್ಟೆಗೇ ಬೂಷ್ಟು ಹಿಡಿಯೋ ಊರಲ್ಲಿ ಒಳಗಿನ ವೈಂಡಿಂಗ್ (ಕರೆಂಟ್ ಹುಟ್ಟಿಸೋ ತಾಮ್ರದ ಸುರುಳಿ) ಏನಾಗಿರ್ಬೇಕು ಹೇಳಿ. ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಹಾಗೇ ಬಿಟ್ಟಿರ್ತಾರೆ. ಈಗಿನ ಪೆಟ್ರೋಲಲ್ಲಿ ಶೇಕಡಾ 20 ಎಥನಾಲ್ ಇರುತ್ತೆ, ಎಥನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ, ಒಂದು ಮಟ್ಟ ದಾಟಿದ ಮೇಲೆ ನೀರೂ ಎಥನಾಲೂ ಸೇರಿ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತೆ. ಟ್ಯಾಂಕ್ ತಳ ತುಕ್ಕು, ಕಾರ್ಬೊರೇಟರ್ ಒಳಗೆ ಅಂಟು. ಹಳೇ ಮಾಡೆಲ್‌ಗಳ ರಬ್ಬರ್ ಪೈಪು ಗ್ಯಾಸ್ಕೆಟ್ಟು ಈ ಪೆಟ್ರೋಲ್‌ಗೆ ಅಂತ ಮಾಡಿದ್ದೂ ಅಲ್ಲ, ಉಬ್ಬುತ್ವೆ, ಇಲ್ಲಾ ಬಿರುಕು ಬಿಡ್ತಾವೆ. ಅದೇ ಶಾಮಿಯಾನ ಬಾಡಿಗೆಯವ್ರ ಹತ್ರ ಆರುನೂರು ಗಂಟೆ ಓಡಿರೋ ಜನರೇಟರ್, ಟೈಮ್‌ಗೆ ಆಯಿಲ್ ಬದಲಾಯಿಸಿರೋದು, ಮೈಯೆಲ್ಲ ಗೀರು ಬಿದ್ದು ನೋಡೋಕೆ ಚೆನ್ನಾಗಿಲ್ದೇ ಇದ್ರೂ ಎಷ್ಟೋ ಸಲ ಇದಕ್ಕಿಂತ ಆರೋಗ್ಯವಾಗಿರುತ್ತೆ.

ಹಾಗಂತ ನಿಂತಿದ್ದು ಅಂದ ತಕ್ಷಣ ಬಿಟ್ಬಿಡಿ ಅಂತ ಅಲ್ಲ. ನಿಂತು ಕೆಟ್ಟಿರೋದ್ರಲ್ಲಿ ಎರಡು ಥರ, ಸಾವಿರ ಎರಡು ಸಾವಿರದಲ್ಲಿ ಸರಿಯಾಗೋದು ಒಂದು, ಎಷ್ಟು ಸುರಿದ್ರೂ ಸರಿಯಾಗದೇ ಇರೋದು ಇನ್ನೊಂದು. ನೀವು ನೋಡಬೇಕಾಗಿರೋದು ಇದು ಯಾವ ಥರ ಅಂತ.

ಅದಕ್ಕೂ ಮುಂಚೆ ಇನ್ನೊಂದು ಲೆಕ್ಕ ಇದೆ, ಯಂತ್ರ ಚೆನ್ನಾಗೇ ಇದ್ರೂ ನಿಮ್ಮ ಮನೆಗೆ ಸಾಕಾಗುತ್ತಾ? 2.5 ಅಂತ ದೊಡ್ಡದಾಗಿ ಬರೆದಿರೋದು ಸಾಮಾನ್ಯವಾಗಿ ಮ್ಯಾಕ್ಸಿಮಮ್, ಅಂದ್ರೆ ಸ್ವಲ್ಪ ಹೊತ್ತು ಮಾತ್ರ ಕೊಡೋದು. ಪಕ್ಕದ ಸಣ್ಣ ಪ್ಲೇಟಲ್ಲಿ ರೇಟೆಡ್ ಅಂತ ಇನ್ನೊಂದು ನಂಬರ್ ಇರುತ್ತೆ, 2.2 ಹತ್ರ ಇರಬಹುದು, ಗಂಟೆಗಟ್ಲೆ ಓಡಿಸೋಕೆ ಅದೇ ಲೆಕ್ಕ. ಆಮೇಲೆ ಎತ್ತರ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ, ಮೇಲೆ ಹೋದ ಹಾಗೆ ಗಾಳಿ ತೆಳು, ಎಂಜಿನ್‌ಗೆ ಉಸಿರು ಕಮ್ಮಿ, ಪ್ರತಿ 300 ಮೀಟರ್‌ಗೆ ಶಕ್ತಿ ಸುಮಾರು ಶೇಕಡಾ 3.5 ಇಳಿಯುತ್ತೆ ಅಂತ ಕಂಪನಿ ಮ್ಯಾನ್ಯುಯಲ್‌ಗಳಲ್ಲೇ ಬರೆದಿರುತ್ತೆ. ನಿಮ್ಮ ಕಡೆ ಅದು ಹನ್ನೆರಡು ಹದಿಮೂರು ಪರ್ಸೆಂಟ್ ಆಯ್ತು. 2.2ರಲ್ಲಿ ಅದು ಕಳೆದ್ರೆ ಕೈಗೆ ಸಿಗೋದು 1.9 ಕಿಲೋವ್ಯಾಟ್, ಅಂದ್ರೆ 1900 ವ್ಯಾಟ್. ಮಂಗಳೂರಲ್ಲಿ ಆರಾಮಾಗಿ ಎಳೆಯೋ ಜನರೇಟರ್ ಇಲ್ಲಿ ಮುಕ್ಕರಿಯೋದಕ್ಕೆ ಇದೂ ಒಂದು ಕಾರಣ, ಅಂಗಡಿಯವ್ರು ಇದನ್ನ ಹೇಳಲ್ಲ.

ಈಗ ನಿಮ್ಮ ಲೋಡು. ಎಲ್‌ಇಡಿ ಬಲ್ಬು ಹನ್ನೆರಡು ಅಂತ ಇಟ್ಕೊಂಡ್ರೂ ನೂರು ಚಿಲ್ಲರೆ ವ್ಯಾಟು. ಫ್ರಿಜ್ಜೂ ಫ್ರೀಜರ್ರೂ ಓಡ್ತಾ ಇರುವಾಗ ಎರಡೂ ಸೇರಿ ಮುನ್ನೂರು, ಆದ್ರೆ ಕಂಪ್ರೆಸರ್ ಎದ್ದೇಳೋ ಕ್ಷಣಕ್ಕೆ ಅದರ ನಾಲ್ಕೈದು ಪಟ್ಟು ಎಳೆಯುತ್ತೆ. ಟಿವಿ ವೈಫೈ ಚಾರ್ಜರ್ ಎಲ್ಲ ಸೇರಿ ನೂರೈವತ್ತು. ಇನ್ವರ್ಟರ್ ಚಾರ್ಜಿಂಗ್ ಇನ್ನೂರೈವತ್ತರಿಂದ ಮುನ್ನೂರು. ಒಟ್ಟು ಒಂದು ಸಾವಿರದ ಒಳಗೇ ಬಂತು, ಇಷ್ಟಕ್ಕೆ ಈ ಜನರೇಟರ್ ಧಾರಾಳ. ತಕರಾರು ಇರೋದು ಬಾವಿ ಮೋಟ್ರದ್ದು. 1 ಎಚ್‌ಪಿ ಅಂದ್ರೆ 746 ವ್ಯಾಟ್ ಅಂತ ಪುಸ್ತಕದಲ್ಲಿ, ನಿಜಕ್ಕೂ ವೈರಿಂದ ಎಳೆಯೋದು ಸಾವಿರ ಸಾವಿರದ ನೂರು, ಸ್ಟಾರ್ಟ್ ಆಗುವಾಗ ಅದರ ಮೂರರಿಂದ ಆರು ಪಟ್ಟು. ಬೇರೆಲ್ಲ ಆಫ್ ಮಾಡಿ ಮೋಟ್ರು ಒಂದನ್ನೇ ಹಾಕಿದ್ರೆ ಎದ್ರೂ ಏಳಬಹುದು, ಏಳದೇನೂ ಇರಬಹುದು, ಇದನ್ನ ಬರೀ ಲೆಕ್ಕದಲ್ಲಿ ಹೇಳೋಕಾಗಲ್ಲ, ಹಾಕೇ ನೋಡ್ಬೇಕು. ಪಕ್ಕದ ಮನೆಯದೇ ಆಗಿರೋದ್ರಿಂದ ನಿಮ್ಗೆ ಆ ಅನುಕೂಲ ಇದೆ, ಅರ್ಧ ದಿನ ಕೊಡಿ ಅಂತ ಕೇಳಿ ತಂದು ನಿಮ್ಮ ಮೋಟ್ರಿಗೇ ಹಾಕಿ ನೋಡಿ. ಮೋಟ್ರು ಹುಂ ಅಂತ ಗುಂಯ್‌ಗುಟ್ಟಿ ತಿರುಗದೇ ನಿಂತ್ರೆ ಎರಡು ಸೆಕೆಂಡಲ್ಲಿ ಆಫ್ ಮಾಡಿ, ಇಲ್ಲಾಂದ್ರೆ ಮೋಟ್ರೂ ಹೋಗುತ್ತೆ ಜನರೇಟರ್ರೂ ಹೋಗುತ್ತೆ. ಏಳಲಿಲ್ಲ ಅಂದ್ರೆ ಅರ್ಧ ಎಚ್‌ಪಿ ಮೋಟ್ರು ಒಂದು ಹಾಕ್ಕೊಳ್ಳೋದು ದೊಡ್ಡ ಜನರೇಟರ್ ತಗೊಳ್ಳೋದಕ್ಕಿಂತ ಎಷ್ಟೋ ಅಗ್ಗ. ಮೇಲಿನ ಒರತೆಯಿಂದ ಪೈಪಲ್ಲೇ ನೀರು ಬರೋ ಜಾಗ ನಿಮ್ಮದಾಗಿದ್ರೆ ಮಳೆಗಾಲದಲ್ಲಿ ಮೋಟ್ರಿನ ಮಾತೇ ಬೇಡ. ತೋಟದ ಥ್ರೀ ಫೇಸ್ ಮೋಟ್ರು ಇದ್ರಲ್ಲಿ ಓಡುತ್ತಾ ಅಂತ ಆಮೇಲೆ ಕೇಳ್ಬೇಡಿ, ಓಡಲ್ಲ.

ಗೀಸರ್ ಮರೆತುಬಿಡಿ. ಎರಡು ಸಾವಿರ ವ್ಯಾಟ್ ಗೀಸರ್ ಒಂದೇ ಈ ಜನರೇಟರನ್ನ ಪೂರ್ತಿ ತಿಂದುಹಾಕುತ್ತೆ. ಹಂಡೆ ಒಲೆನೋ ಸೌದೆ ಬಾಯ್ಲರ್ರೋ ಇದ್ದೇ ಇರುತ್ತಲ್ಲ, ಒಣಗಿದ ಸಿಲ್ವರ್ ಓಕ್ ಸೌದೆ ಹಾಕಿ ನೀರು ಕಾಯಿಸಿ, ಬೆಂಗಳೂರಿನವ್ರಿಗೆ ಅದೇ ಇಷ್ಟ, ಫೋಟೋ ಬೇರೆ ತೆಗೀತಾರೆ.

ಸರಿ, ಯಂತ್ರ ನೋಡೋಕೆ ಹೋಗೋದು ಹೇಗೆ. ಹಿಂದಿನ ದಿನ ಫೋನ್ ಮಾಡಿ, ನಾವು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿ. ಹೋದ ತಕ್ಷಣ ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿ, ಸೈಲೆನ್ಸರ್ ಹತ್ರಾನೂ. ಬೆಚ್ಚಗಿದ್ರೆ ನೀವು ಬರೋ ಮುಂಚೆ ಯಾರೋ ಅರ್ಧ ಗಂಟೆ ಹಗ್ಗ ಎಳೆದಾಡಿ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ಕಾಯಿಲೆ ಇರೋ ಎಂಜಿನ್ ಬಿಸಿ ಇರುವಾಗ ಒಂದೇ ಎಳೆತಕ್ಕೆ ಎದ್ದೇಳುತ್ತೆ, ತಣ್ಣಗಿರುವಾಗಲೇ ಅದರ ಬಂಡವಾಳ ಗೊತ್ತಾಗೋದು. ಸೆಲ್ಫ್ ಸ್ಟಾರ್ಟ್ ಬ್ಯಾಟರಿ ಸತ್ತಿರುತ್ತೆ, ಅದು ದೊಡ್ಡ ವಿಷ್ಯ ಅಲ್ಲ. ಹಗ್ಗದಲ್ಲೇ ಎಳೀರಿ. ಮೊದ್ಲು ಸ್ವಿಚ್ ಆಫ್ ಇಟ್ಟು ನಿಧಾನಕ್ಕೆ ಎಳೆದು ನೋಡಿ, ಒಂದು ಕಡೆ ಗಟ್ಟಿಯಾಗಿ ಹಿಡಿದು ತಡೆದು ಆಮೇಲೆ ಬಿಡಬೇಕು, ಅದೇ ಕಂಪ್ರೆಷನ್. ಹಗ್ಗ ಯಾವ ತಡೆನೂ ಇಲ್ದೇ ಸಲೀಸಾಗಿ ಬಂದ್ರೆ ರಿಂಗ್ ಅಥವಾ ವಾಲ್ವ್ ಹೋಗಿದೆ, ವಾಪಸ್ ಬನ್ನಿ, ಮುಂದೆ ಏನೂ ನೋಡೋದು ಬೇಡ.

ಸ್ಟಾರ್ಟ್ ಮಾಡೋ ಮುಂಚೆನೇ ಇನ್ನೊಂದು ಕೆಲ್ಸ ಮಾಡ್ಸಿ, ಯಜಮಾನ್ರು ಒಪ್ಪಿದ್ರೆ. ಕಾರ್ಬೊರೇಟರ್ ತಳದಲ್ಲಿ ಬಟ್ಟಲಿನ ಥರ ಒಂದು ಭಾಗ ಇದ್ಯಲ್ಲ, ಅದರ ಬುಡದಲ್ಲಿ ಡ್ರೈನ್ ಬೋಲ್ಟ್ ಇರುತ್ತೆ. ಕೆಳಗೆ ಒಂದು ಗಾಜಿನ ಬಾಟ್ಲಿ ಹಿಡಿದು ಬೋಲ್ಟ್ ಸಡಿಲ ಮಾಡಿ ಒಳಗಿರೋದನ್ನ ಇಳಿಸ್ಕೊಂಡು ಬೆಳಕಿಗೆ ಹಿಡೀರಿ. ಪೆಟ್ರೋಲ್ ತಿಳಿಯಾಗಿದ್ದು ಪೆಟ್ರೋಲ್ ವಾಸನೆನೇ ಬರ್ತಿದ್ರೆ ಒಳ್ಳೇದು. ತಳದಲ್ಲಿ ಬೇರೆ ಪದರವಾಗಿ ಗುಂಡು ಗುಂಡಾಗಿ ಓಡಾಡ್ತಿದ್ರೆ ಅದು ನೀರು. ಕಂದು ಬಣ್ಣದ ಪುಡಿ ತೇಲ್ತಿದ್ರೆ ಟ್ಯಾಂಕ್ ತುಕ್ಕು, ಟಾರ್ಚ್ ಹಾಕಿ ಟ್ಯಾಂಕ್ ಒಳಗೂ ನೋಡಿ. ಏನೂ ಬರ್ಲಿಲ್ಲ, ಬೋಲ್ಟಿನ ತುದಿಗೆ ಹಸಿರು ಮಿಶ್ರಿತ ಅಂಟಿನಂಥದ್ದು ಗಟ್ಟಿಯಾಗಿ ಕಚ್ಕೊಂಡಿದೆ ಅಂದ್ರೆ ಕಾರ್ಬೊರೇಟರ್ ಬಿಚ್ಚಿ ತೊಳೀಬೇಕು, ಇಲ್ಲಾ ಹೊಸದು ಹಾಕ್ಬೇಕು. ಇದ್ಯಾವುದೂ ಸಾವಿನ ಕಾಯಿಲೆ ಅಲ್ಲ, ಆದ್ರೆ ಚೌಕಾಸಿ ಮಾಡೋವಾಗ ಆ ಬಾಟ್ಲಿ ಟೇಬಲ್ ಮೇಲೇ ಇರ್ಲಿ.

ಆಯಿಲ್ ಕಡ್ಡಿ ಎತ್ತಿ ನೋಡಿ. ಕಪ್ಪಗಿದ್ರೆ ಪರ್ವಾಗಿಲ್ಲ, ಹಾಲು ಕಾಫಿ ಬಣ್ಣಕ್ಕಿದ್ರೆ ನೀರು ಸೇರಿದೆ, ಬೆರಳಿಗೆ ಹಚ್ಚಿ ಉಜ್ಜಿದಾಗ ಮಿಣಮಿಣ ಹೊಳೀತಿದ್ರೆ ಒಳಗೆ ಲೋಹ ಸವೆದಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿಸಿ, ತುದಿ ತಿಳಿ ಕಂದು ಇದ್ರೆ ಚೆಂದ, ಒದ್ದೆ ಒದ್ದೆ ಕಪ್ಪು ಎಣ್ಣೆ ಇದ್ರೆ ಚೆಂದ ಇಲ್ಲ. ಏರ್ ಕ್ಲೀನರ್ ಮುಚ್ಚಳ ತೆಗೆದ್ರೆ ಸ್ಪಾಂಜ್ ಪುಡಿಪುಡಿಯಾಗಿ ಕೈಗೆ ಬರೋದು ಮಾಮೂಲಿ, ಇಲಿ ಗೂಡು ಕಟ್ಟಿರೋದೂ ಇಲ್ಲಿ ಮಾಮೂಲಿ, ಹಗ್ಗ ಇರೋ ಕವರ್ ಹಿಂದೆ ಫ್ಯಾನ್ ಸುತ್ತ ಭತ್ತದ ಹೊಟ್ಟು, ಬಟ್ಟೆ ಚೂರು ಎಲ್ಲ ತುಂಬಿಟ್ಟಿರ್ತಾವೆ, ಅದನ್ನ ನೋಡ್ದೇ ಓಡಿಸಿದ್ರೆ ಗಾಳಿ ಹೋಗ್ದೇ ಎಂಜಿನ್ ಕಾದು ಕೆಡುತ್ತೆ. ಸೈಲೆನ್ಸರ್ ಬಾಯಲ್ಲಿ ಕಣಜ ಮಣ್ಣು ಮೆತ್ತಿ ಗೂಡು ಮಾಡಿದ್ಯಾ ನೋಡಿ. ವೈರುಗಳನ್ನ ಇಲಿ ಕಡ್ದಿದ್ಯಾ ಅಂತಾನೂ.

ಸ್ಟಾರ್ಟ್ ಆದ್ಮೇಲೆ ಹೊಗೆ ನೋಡಿ. ಮೊದಲ ಒಂದೆರಡು ನಿಮಿಷ ಬಿಳಿ ಹೊಗೆ ತೇವದ್ದು, ಹೋಗುತ್ತೆ. ನೀಲಿ ಹೊಗೆ ಬಿಡ್ತಾನೇ ಇದ್ರೆ ಆಯಿಲ್ ಸುಡ್ತಿದೆ. ಕಪ್ಪು ಹೊಗೆ ಅಂದ್ರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಚೋಕ್ ಅಥವಾ ಏರ್ ಕ್ಲೀನರ್, ಸರಿಮಾಡಬಹುದು. ಸೌಂಡ್ ಒಂದೇ ಸಮ ಇರದೆ ಏರೋದು ಇಳಿಯೋದು ಏರೋದು ಇಳಿಯೋದು ಮಾಡ್ತಿದ್ರೆ ಹೆಚ್ಚಿನ ಸಲ ಕಾರ್ಬೊರೇಟರ್ ಜೆಟ್ (ಪೆಟ್ರೋಲ್ ಹೋಗೋ ಸಣ್ಣ ತೂತು) ಕಟ್ಕೊಂಡಿರೋದು, ಅದಕ್ಕೂ ಹೆದರಬೇಕಿಲ್ಲ. ಕಟ ಕಟ ಅಂತ ಒಳಗಿಂದ ಬಡಿಯೋ ಸದ್ದಿದ್ರೆ ಮಾತ್ರ ಹೆದ್ರಿ.

ಇಷ್ಟು ನೋಡಿ ಸುಮಾರು ಜನ ದುಡ್ಡು ಕೊಟ್ಟು ಎತ್ಕೊಂಡು ಬರ್ತಾರೆ. ಎಂಜಿನ್ ಓಡ್ತು, ಒಂದು ಬಲ್ಬ್ ಹಾಕಿದ್ರು, ಉರೀತು, ಮುಗೀತು. ಒಂದು ಬಲ್ಬ್ ಉರಿಯೋಕೆ ಜನರೇಟರ್ ಚೆನ್ನಾಗಿರಲೇಬೇಕು ಅಂತೇನಿಲ್ಲ. ದುಡ್ಡು ಇರೋದೆಲ್ಲ ಆ ಕಡೆ ತಾಮ್ರದ ವೈಂಡಿಂಗಲ್ಲಿ, ಅಂದ್ರೆ ಆಲ್ಟರ್ನೇಟರಲ್ಲಿ, ಎಂಜಿನ್ ರಿಪೇರಿಗೆ ನಮ್ಮಲ್ಲಿ ಕಳೆ ಕೊಚ್ಚೋ ಮಿಷಿನ್ ನೋಡೋ ಮೆಕ್ಯಾನಿಕ್‌ನೂ ಆಗುತ್ತೆ, ವೈಂಡಿಂಗ್ ಸುಟ್ರೆ ಮಾತ್ರ ನೀವು ಕೊಟ್ಟ ದುಡ್ಡಿನ ಅರ್ಧದ ಹತ್ರ ಅದಕ್ಕೇ ಬೇಕು, ಅದೂ ಸರಿಯಾಗಿ ಸುತ್ತೋರು ಸಿಕ್ಕಿದ್ರೆ. ಅದಕ್ಕೇ ಲೋಡ್ ಟೆಸ್ಟ್.

ಏನೇನು ತಗೊಂಡು ಹೋಗ್ಬೇಕು ಅಂದ್ರೆ, ಫ್ರೀಕ್ವೆನ್ಸಿ ತೋರ್ಸೋ ಮಲ್ಟಿಮೀಟರ್ ಒಂದು, ನೀರು ಕಾಯಿಸೋ ಸಾವಿರ ವ್ಯಾಟಿನ ಕಾಯಿಲ್ ಒಂದು, ಐರನ್ ಬಾಕ್ಸ್ ಒಂದು, ಸಿಕ್ಕಿದ್ರೆ ಹಳೇ ಕಾಲದ ಅರವತ್ತು ವ್ಯಾಟ್ ಗುಂಡು ಬಲ್ಬ್. ಎಲ್‌ಇಡಿ ಬಲ್ಬು ವೋಲ್ಟೇಜ್ ಹೆಚ್ಚು ಕಮ್ಮಿಯಾದ್ರೂ ಹಾಗೇ ಉರಿಯುತ್ತೆ, ಏನೂ ತೋರ್ಸಲ್ಲ, ಗುಂಡು ಬಲ್ಬು ಎಲ್ಲಾನೂ ಬಾಯಿಬಿಡುತ್ತೆ. ಏನೂ ಲೋಡ್ ಇಲ್ದೇ ಮೀಟರ್ ಹಾಕಿ, ವೋಲ್ಟೇಜ್ 230 ಹತ್ರ, ಫ್ರೀಕ್ವೆನ್ಸಿ 51, 52 ಇರ್ಬೇಕು. ಈ ಸೈಜಿನ ಮಾಮೂಲಿ ಜನರೇಟರ್‌ಗಳು ನಿಮಿಷಕ್ಕೆ 3000 ಸುತ್ತು ತಿರುಗಿದ್ರೆ ಸರಿಯಾಗಿ 50 ಹರ್ಟ್ಸ್, ಖಾಲಿ ಓಡುವಾಗ ಸ್ವಲ್ಪ ಮೇಲಿಟ್ಟಿರ್ತಾರೆ, ಲೋಡ್ ಬಿದ್ದಾಗ 50ಕ್ಕೆ ಇಳಿಯಲಿ ಅಂತ. ಈಗ ಕಾಯಿಲನ್ನ ಬಕೆಟ್ ನೀರಲ್ಲಿ ಮುಳುಗಿಸಿ ಆನ್ ಮಾಡಿ (ನೀರಿಗೆ ಕೈ ಹಾಕ್ಬೇಡಿ, ಮಕ್ಕಳನ್ನ ದೂರ ಇಡಿ). ಎಂಜಿನ್ ಒಂದು ಸಲ ಕುಗ್ಗಿ ತಕ್ಷಣ ಎದ್ದು ನಿಲ್ಬೇಕು. ವೋಲ್ಟೇಜ್ ನೋಡಿ. ಆಮೇಲೆ ಐರನ್ ಬಾಕ್ಸೂ ಹಾಕಿ, ಈಗ ಸಾವಿರದ ಏಳುನೂರು ಎಂಟುನೂರು ವ್ಯಾಟ್ ಆಯ್ತು, ನಿಮ್ಮ ಎತ್ತರಕ್ಕೆ ಇದು ಹೆಚ್ಚುಕಮ್ಮಿ ಪೂರ್ತಿ ಲೋಡು. ಐರನ್ ಬಾಕ್ಸ್ ಕಾದ್ಮೇಲೆ ತಾನೇ ಕಟ್ಟಾಗುತ್ತೆ, ಮತ್ತೆ ಬರುತ್ತೆ, ಅದೂ ಒಳ್ಳೇದೇ, ಲೋಡ್ ಬಂದು ಹೋಗೋವಾಗ ಜನರೇಟರ್ ಹೇಗೆ ತಡ್ಕೊಳ್ಳುತ್ತೆ ಅಂತ ಗುಂಡು ಬಲ್ಬಲ್ಲಿ ಕಣ್ಣಿಗೇ ಕಾಣುತ್ತೆ. ಈ ಲೋಡಲ್ಲಿ ವೋಲ್ಟೇಜ್ 215ರ ಮೇಲೆ, ಫ್ರೀಕ್ವೆನ್ಸಿ 49ರ ಮೇಲೆ ನಿಂತ್ರೆ ಪಾಸು. ಎವಿಆರ್ (ವೋಲ್ಟೇಜನ್ನ ತಾನೇ ಸರಿಯಾಗಿ ನಿಲ್ಸೋ ಸರ್ಕ್ಯೂಟ್) ಇರೋದಾದ್ರೆ 225, 230 ಅಂತ ಇನ್ನೂ ಚೆನ್ನಾಗಿ ನಿಲ್ಲುತ್ತೆ. ಇನ್ನೂರರ ಕೆಳಗೆ ಹೋಯ್ತು ಅಂದ್ರೆ, ಇಲ್ಲಾ ಖಾಲಿಯಲ್ಲೇ 260, 270 ತೋರ್ಸಿತು ಅಂದ್ರೆ ಅಲ್ಲಿಗೇ ನಿಲ್ಸಿ, ನಿಮ್ಮ ಫ್ರಿಜ್ ಬೋರ್ಡ್ ಟಿವಿ ಎಲ್ಲ ಅದು ಸುಟ್ಟುಹಾಕುತ್ತೆ.

ಮುಖ್ಯ ವಿಷ್ಯ ಏನಂದ್ರೆ ಇದನ್ನ ಅರ್ಧ ಮುಕ್ಕಾಲು ಗಂಟೆ ಬಿಡ್ದೇ ಓಡಿಸ್ಬೇಕು. ಐದು ನಿಮಿಷಕ್ಕೆ ಎಲ್ಲಾ ಜನರೇಟರ್ರೂ ಒಳ್ಳೇದೇ. ಮಾರೋರು "ಸಾಕಲ್ವಾ, ಪೆಟ್ರೋಲ್ ದಂಡ" ಅಂತಾರೆ, ಒಂದು ಲೀಟರ್ ಪೆಟ್ರೋಲ್ ನೀವೇ ತಗೊಂಡು ಹೋಗಿ ಹಾಕಿ, ಬಾಯಿ ಮುಚ್ಚುತ್ತೆ. ಬಿಸಿಯಾಗ್ತಾ ಆಗ್ತಾ ವೋಲ್ಟೇಜ್ ಮೆಲ್ಲಗೆ ಜಾರ್ತಾ ಹೋದ್ರೆ, ಅಥವಾ ಆಲ್ಟರ್ನೇಟರ್ ಕಡೆಯ ಗಾಳಿ ಕಿಂಡಿಯಿಂದ ಸುಟ್ಟ ವಾರ್ನಿಶ್ ವಾಸನೆ ಬಂದ್ರೆ, ವೈಂಡಿಂಗಿನ ಆಯಸ್ಸು ಮುಗೀತಾ ಬಂದಿದೆ. ಮೂಗು ಹತ್ರ ತಗೊಂಡು ಹೋಗಿ ನೋಡಿ, ನಾಚಿಕೆ ಪಡ್ಬೇಡಿ. ಗೊತ್ತಿರೋ ಎಲೆಕ್ಟ್ರಿಷಿಯನ್ ಹತ್ರ ಮೆಗ್ಗರ್ (ಇನ್ಸುಲೇಷನ್ ಅಳೆಯೋ ಮೀಟರ್) ಇದ್ರೆ ಕರ್ಕೊಂಡು ಹೋಗಿ, ಜನರೇಟರ್ ಆಫ್ ಇರುವಾಗ, ಎವಿಆರ್ ಕನೆಕ್ಷನ್ ಬಿಚ್ಚಿಸಿ, 500 ವೋಲ್ಟಲ್ಲಿ ವೈಂಡಿಂಗ್ ಮತ್ತೆ ಬಾಡಿ ನಡುವೆ ಅಳೆದಾಗ ಒಂದು ಮೆಗಾಓಮ್‌ಗಿಂತ ಕಮ್ಮಿ ಬಂದ್ರೆ ಒಳಗೆ ತೇವ ಇದೆ. ಒಣಗಿಸಿದ್ರೆ ಎಷ್ಟೋ ಸಲ ಸರಿ ಹೋಗುತ್ತೆ, ಆದ್ರೆ ಒಣಗಿಸಿ ತೋರ್ಸೋ ಕೆಲ್ಸ ಮಾರೋರದ್ದು, ನಿಮ್ದಲ್ಲ.

ಕರೆಂಟೇ ಬರ್ಲಿಲ್ಲ, ಎಂಜಿನ್ ಮಾತ್ರ ಓಡ್ತಿದೆ ಅಂದ್ರೂ ಪೂರ್ತಿ ಕೈಬಿಡ್ಬೇಕಿಲ್ಲ. ತುಂಬಾ ದಿನ ನಿಂತಿದ್ರೆ ರೋಟರಲ್ಲಿ ಉಳಿದಿರೋ ಅಯಸ್ಕಾಂತದ ಶಕ್ತಿ ಹೋಗಿಬಿಟ್ಟಿರುತ್ತೆ, ಗೊತ್ತಿರೋ ಎಲೆಕ್ಟ್ರಿಷಿಯನ್ ಬ್ಯಾಟರಿಯಿಂದ ಒಂದು ಕ್ಷಣ ಕರೆಂಟ್ ಕೊಟ್ಟು ಎಬ್ಬಿಸ್ತಾರೆ. ಇಲ್ಲಾ ಕಾರ್ಬನ್ ಬ್ರಷ್ಷು, ಎವಿಆರ್ರು, ಕೆಪಾಸಿಟರ್ರು, ಇವೆಲ್ಲ ಬದಲಾಯಿಸೋ ಸಾಮಾನು. ಆದ್ರೆ ಮಾರೋರು ಅದನ್ನ ಮಾಡ್ಸಿ, ಓಡ್ಸಿ ತೋರ್ಸಿದ ಮೇಲೇ ದುಡ್ಡು. "ಸಣ್ಣ ಕೆಲ್ಸ ಸರ್, ಐನೂರು ರೂಪಾಯಿದು" ಅಂತಾರೆ, ಐನೂರು ರೂಪಾಯಿದಾಗಿದ್ರೆ ಅವ್ರೇ ಮಾಡ್ಸಿ ಮಾರ್ತಿದ್ರು.

ಬಿಲ್ ಕೇಳಿ. ಎಂಜಿನ್ ಮೇಲೆ ಕೊರೆದಿರೋ ನಂಬರ್ರೂ ಬಿಲ್ಲಿನ ನಂಬರ್ರೂ ತಾಳೆ ನೋಡಿ. ತೋಟಗಳಿಂದ ಕಳುವಾದ ಮಾಲು ಓಡಾಡುತ್ತೆ ಅನ್ನೋದು ಒಂದು, ಇನ್ನೊಂದು ಕಾರಣ ಪ್ರವಾಹ. ನಿಮ್ಮ ಪಕ್ಕದವ್ರು ಅದನ್ನ ಹೊಸದಾಗಿ ತಗೊಂಡಿದ್ರಾ ಅಥವಾ ಅವ್ರೂ ಸೆಕೆಂಡ್ ಹ್ಯಾಂಡಾ? 2018, 2019ರ ಆಗಸ್ಟಲ್ಲಿ ಕುಶಾಲನಗರದ ಬಡಾವಣೆಗಳಲ್ಲಿ, ಕರಡಿಗೋಡು, ನೆಲ್ಯಹುದಿಕೇರಿ ಕಡೆ ಕಾವೇರಿ ನೀರು ಮನೆಯೊಳಗೆ ನಿಂತಿತ್ತಲ್ಲ, ಹಾಗೆ ನೀರಲ್ಲಿ ಮುಳುಗಿದ ಯಂತ್ರ ತೊಳೆದು ಪೇಂಟ್ ಹೊಡೆದ್ರೆ ಹೊರಗಿಂದ ಗೊತ್ತೇ ಆಗಲ್ಲ. ಪ್ಲಗ್ ಸಾಕೆಟ್ ಇರೋ ಪ್ಯಾನೆಲ್ಲಿನ ನಾಲ್ಕು ಸ್ಕ್ರೂ ಬಿಚ್ಚಿ ಒಳಗೆ ನೋಡಿ, ಮೂಲೆಯಲ್ಲಿ ನಯವಾದ ಒಣ ಕೆಸರು, ಟರ್ಮಿನಲ್‌ಗಳ ಮೇಲೆ ಹಸಿರು ಪುಡಿ ಕಂಡ್ರೆ ಬಿಟ್ಟು ಬನ್ನಿ. ಆರು ವರ್ಷದ ಯಂತ್ರದ ಮೇಲೆ ಪೇಂಟ್ ಮಾತ್ರ ಹೊಸದಾಗಿ ಮಿಂಚ್ತಿದ್ರೂ ಅಷ್ಟೇ.

ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಇದು ಬೇಡ ಅಂತ ಬೇರೆ ಹುಡುಕೋಕೆ ಹೋದ್ರೆ ಅಗ್ಗಕ್ಕೆ ಎರಡು ಥರದ್ದು ಎದುರಾಗುತ್ತೆ. ಪೆಟ್ರೋಲಲ್ಲಿ ಸ್ಟಾರ್ಟ್ ಆಗಿ ಸೀಮೆಎಣ್ಣೆಯಲ್ಲಿ ಓಡೋ ಹಳೇ ಜನರೇಟರ್, ಗಟ್ಟಿ ಯಂತ್ರಾನೇ, ಆದ್ರೆ ಸೀಮೆಎಣ್ಣೆ ಈಗ ಎಲ್ಲಿಂದ ತರ್ತೀರ. ಇನ್ನೊಂದು ಸೂಟ್‌ಕೇಸ್ ಸೈಜಿನ ಟೂ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕೋದು, ಸದ್ದು ಹೊಗೆ ಎರಡೂ ಜಾಸ್ತಿ, ಫ್ರೀಜರ್ ಎಬ್ಬಿಸೋ ತಾಕತ್ತಿಲ್ಲ. ಎರಡೂ ಬೇಡ.

ಖರ್ಚಿನ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ತಗೊಂಡ್ಮೇಲೆ ಸುಮಾರು ಜನ ಇಲ್ಲೇ ಬೇಜಾರಾಗೋದು. ಈ ಸೈಜಿಂದು ಅರ್ಧ ಲೋಡಲ್ಲಿ ಗಂಟೆಗೆ ಮುಕ್ಕಾಲು ಲೀಟರ್, ಪೂರ್ತಿ ಲೋಡಲ್ಲಿ ಒಂದು ಲೀಟರ್ ಮೇಲೆ ಕುಡಿಯುತ್ತೆ. ಲೀಟರ್‌ಗೆ ನೂರು ರೂಪಾಯಿ ಮೇಲಿದೆ, ಅಂದ್ರೆ ಒಂದು ಯೂನಿಟ್ ಕರೆಂಟ್ ನಿಮ್ಗೆ ಅರವತ್ತರಿಂದ ಎಂಬತ್ತು ರೂಪಾಯಿಗೆ ಬೀಳುತ್ತೆ. ಬೆಳಿಗ್ಗೆಯಿಂದ ರಾತ್ರಿವರೆಗೆ ಗುರ್ ಅಂತ ಓಡಿಸ್ತಾ ಕೂತ್ರೆ ದಿನಕ್ಕೆ ಸಾವಿರದ ಹತ್ರ ಇಲ್ಲಾ ಮೇಲೇ ಹೋಗುತ್ತೆ, ಮೇಲಿಂದ ಗೆಸ್ಟು "ಮಳೆ ಸೌಂಡ್ ಕೇಳೋಕೆ ಬಂದ್ವಿ, ಇದೇನು" ಅಂತಾರೆ. ಹಾಗೆ ಮಾಡ್ಬೇಡಿ. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಎರಡು ಗಂಟೆ ಓಡಿಸಿ. ಮೊದ್ಲು ಮೋಟ್ರು ಒಂದನ್ನೇ ಹಾಕಿ ಟ್ಯಾಂಕ್ ತುಂಬ್ಸಿ ಆಫ್ ಮಾಡಿ, ಆಮೇಲೆ ಫ್ರೀಜರ್, ಒಂದು ನಿಮಿಷ ಬಿಟ್ಟು ಫ್ರಿಜ್, ಆಮೇಲೆ ಇನ್ವರ್ಟರ್. ತುಂಬಿದ ಫ್ರೀಜರ್ ಬಾಗಿಲು ತೆಗೀದೇ ಇದ್ರೆ ಎರಡು ದಿನದ ತನಕ ಗಟ್ಟಿ ಇರುತ್ತೆ, ಅರ್ಧ ತುಂಬಿದ್ದಾದ್ರೆ ಒಂದು ದಿನ, ಹಾಗಾಗಿ ಪಂದಿ ಮಾಂಸ ಹಾಳಾಗುತ್ತೆ ಅಂತ ಇಡೀ ದಿನ ಓಡಿಸೋ ಅವಶ್ಯಕತೆ ಇಲ್ಲ. ಮೂರು ಗಂಟೆ ಚಾರ್ಜಲ್ಲಿ ನಿಮ್ಮ ಬ್ಯಾಟರಿ ಪೂರ್ತಿ ತುಂಬಲ್ಲ, ಕಾಲು ಭಾಗ ತುಂಬಿದ್ರೆ ಹೆಚ್ಚು, ಆದ್ರೆ ರಾತ್ರಿ ಊಟದಿಂದ ಮಲಗೋವರೆಗೆ ಲೈಟ್‌ಗೂ ವೈಫೈಗೂ ಸಾಕು.

ಒಂದು ಸಣ್ಣ ವಿಷ್ಯ, ಇದ್ರಿಂದ ಜನರೇಟರ್ ಕೆಟ್ಟಿದೆ ಅಂತ ಹೊತ್ಕೊಂಡು ಬರೋರು ತುಂಬಾ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಸ್ವಿಚ್ ಇರುತ್ತೆ. ಯುಪಿಎಸ್ ಮೋಡಲ್ಲಿದ್ರೆ ಸ್ವಲ್ಪ ವೋಲ್ಟೇಜ್ ಅಲ್ಲಾಡಿದ್ರೂ ಅದು ಜನರೇಟರ್ ಕರೆಂಟನ್ನ ತಗೊಳ್ಳೋದೇ ಇಲ್ಲ, ಟಕ್ ಟಕ್ ಅಂತ ಬಿಡ್ತಾ ಹಿಡೀತಾ ಇರುತ್ತೆ. ಜನರೇಟರ್ ಓಡಿಸೋವಾಗ ನಾರ್ಮಲ್‌ಗೆ ಹಾಕಿ. ಸೋಲಾರ್ ಹಾಕ್ಬಿಡ್ಲಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಹಾಕಿ, ಬೇಸಿಗೆಗೆ ಒಳ್ಳೇದು, ಆದ್ರೆ ನಿಮ್ಗೆ ಕರೆಂಟ್ ಹೋಗೋದು ಜುಲೈ ಆಗಸ್ಟಲ್ಲಿ, ಗಾಳಿಬೀಡಲ್ಲಿ ಆವಾಗ ಸೂರ್ಯನೇ ಎಲ್ಲಿ.

ಈಗ ಹೇಳೋ ಎರಡು ವಿಷ್ಯದಲ್ಲಿ ಮಾತ್ರ ಚೌಕಾಸಿ ಇಲ್ಲ. ಜನರೇಟರ್ ಮನೆಯೊಳಗೆ, ಜಗಲಿಯಲ್ಲಿ, ಕಾರ್ ಶೆಡ್ಡಲ್ಲಿ, ಕಾಫಿ ಸ್ಟೋರಲ್ಲಿ ಓಡಿಸೋ ಹಾಗಿಲ್ಲ, ಬಾಗಿಲು ತೆಗೆದಿಟ್ರೂ ಓಡಿಸೋ ಹಾಗಿಲ್ಲ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಬಣ್ಣ ಇಲ್ಲ ವಾಸನೆ ಇಲ್ಲ, ಮೊದ್ಲು ತಲೆನೋವು, ಸುಸ್ತು, ಆಮೇಲೆ ನಿದ್ದೆ, ಆ ನಿದ್ದೆಯಿಂದ ಏಳಲ್ಲ. ಮಳೆಗಾಲದಲ್ಲಿ ನಾವು ಕಿಟಕಿ ಬಾಗಿಲು ಎಲ್ಲ ಬಿಗಿಯಾಗಿ ಹಾಕ್ಕೊಂಡು ಮಲಗ್ತೀವಿ, ಜನರೇಟರ್ ನೆನೆಯುತ್ತೆ ಅಂತ ಒಳಗೆ ತರ್ತೀವಿ, ಅಪಾಯ ಅಲ್ಲೇ. ಮನೆಯಿಂದ ಕನಿಷ್ಠ ಇಪ್ಪತ್ತು ಅಡಿ ದೂರ, ಯಾವ ಕಿಟಕಿ ಕಡೆಗೂ ಹೊಗೆ ಮುಖ ಮಾಡದ ಹಾಗೆ, ಸುತ್ತ ತೆರೆದಿರೋ ನಾಲ್ಕು ಕಂಬದ ಮೇಲೆ ಎರಡು ಶೀಟ್ ಹಾಕಿ, ನೆಲದಿಂದ ಒಂದಡಿ ಎತ್ತರಕ್ಕೆ ಕಾಂಕ್ರೀಟ್ ಕಟ್ಟೆ ಮಾಡಿ. ಆ ಶೀಟಿನ ಖರ್ಚನ್ನೂ ಜನರೇಟರ್ ಬೆಲೆಯಲ್ಲೇ ಸೇರಿಸ್ಕೊಳ್ಳಿ.

ಎರಡನೇದು ಚೇಂಜ್ ಓವರ್ ಸ್ವಿಚ್, ಅಂದ್ರೆ ಮನೆಗೆ ಒಂದೋ ಲೈನ್ ಕರೆಂಟು, ಇಲ್ಲಾ ಜನರೇಟರ್ ಕರೆಂಟು, ಒಂದು ಸಲಕ್ಕೆ ಒಂದೇ ಬರೋ ಹಾಗೆ ಮಾಡೋ ಸ್ವಿಚ್ಚು. ಎರಡೂ ತುದಿಗೆ ಪ್ಲಗ್ ಇರೋ ವೈರ್ ಮಾಡಿ ಜನರೇಟರಿಂದ ಗೋಡೆ ಸಾಕೆಟ್‌ಗೆ ಚುಚ್ಚೋರು ಈಗ್ಲೂ ಇದ್ದಾರೆ. ಮೇನ್ ಆಫ್ ಮಾಡೋಕೆ ಮರೆತ್ರೆ ಆ ಕರೆಂಟ್ ಮನೆಯಿಂದ ಲೈನಿಗೆ ಹೋಗುತ್ತೆ, ಟ್ರಾನ್ಸ್‌ಫಾರ್ಮರಲ್ಲಿ ಉಲ್ಟಾ ಏರಿ 11 ಸಾವಿರ ವೋಲ್ಟ್ ಲೈನಿಗೆ ಬರುತ್ತೆ, ಅಲ್ಲಿ ಸುರಿಯೋ ಮಳೆಯಲ್ಲಿ, ಜಿಗಣೆ ಕಚ್ಚಿಸ್ಕೊಂಡು, ನಿಮ್ಮ ಮನೆಗೇ ಕರೆಂಟ್ ಕೊಡೋಕೆ ಅಂತ ಕಂಬ ಹತ್ತಿರೋ ಲೈನ್‌ಮ್ಯಾನ್ ಇರ್ತಾನೆ. ನ್ಯೂಟ್ರಲ್ ಕೂಡ ಕಟ್ ಮಾಡೋ ಡಬಲ್ ಪೋಲ್ ಚೇಂಜ್ ಓವರ್ ಹಾಕ್ಸಿ, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲಿ, ಅರ್ಥಿಂಗ್ ಅವ್ರೇ ನೋಡ್ಲಿ.

ಪೆಟ್ರೋಲ್ ಇಡೋದು ಮೆಟಲ್ ಕ್ಯಾನಲ್ಲಿ, ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಬೇಡ. ಸ್ವಂತಕ್ಕೆ ಲೈಸೆನ್ಸ್ ಇಲ್ದೇ ಇಟ್ಕೊಳ್ಳೋಕೆ ಕಾನೂನಲ್ಲಿ ಒಟ್ಟು 30 ಲೀಟರ್‌ವರೆಗೆ ಅವಕಾಶ ಇದೆ, ನಿಮ್ಗೆ ಅದರ ಅರ್ಧ ಸಾಕು, ಅಡುಗೆ ಒಲೆಯಿಂದ ಹಂಡೆ ಒಲೆಯಿಂದ ದೂರ ಇಡಿ. ಬಿಸಿ ಇರೋ ಜನರೇಟರ್‌ಗೆ ಪೆಟ್ರೋಲ್ ಸುರೀಬೇಡಿ.

ತಗೊಂಡು ಬಂದ ದಿನವೇ ಹಳೇ ಪೆಟ್ರೋಲ್ ಪೂರ್ತಿ ತೆಗೆಸಿ, ಆಯಿಲ್ ಬದಲಾಯ್ಸಿ 10ಡಬ್ಲ್ಯು-30 ಹಾಕಿ, ಪ್ಲಗ್ ಹೊಸದು, ಪೆಟ್ರೋಲ್ ಪೈಪ್ ಹೊಸದು, ಕಾರ್ಬೊರೇಟರ್ ಹೇಗಿದ್ರೂ ಒಮ್ಮೆ ತೊಳೆಸಿ. ಅಲ್ಲಿಂದ ನೂರು ಗಂಟೆಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದ್ಲೋ ಅದಕ್ಕೆ ಆಯಿಲ್. ತಿಂಗಳಿಗೊಂದು ಸಲ ಫ್ರೀಜರ್ ಹಾಕಿ ಇಪ್ಪತ್ತು ನಿಮಿಷ ಓಡಿಸಿ, ಬರೀ ಖಾಲಿ ಓಡಿಸೋದು ಉಪಯೋಗ ಇಲ್ಲ, ವೈಂಡಿಂಗ್ ಬಿಸಿಯಾಗ್ಬೇಕು, ತೇವ ಹೋಗ್ಬೇಕು. ನಿಲ್ಸೋವಾಗ ಪೆಟ್ರೋಲ್ ಬರೋ ನಲ್ಲಿಯನ್ನ ಮುಚ್ಚಿ ಎಂಜಿನ್ ತಾನೇ ನಿಲ್ಲೋವರೆಗೆ ಬಿಡಿ, ಕಾರ್ಬೊರೇಟರಲ್ಲಿ ಪೆಟ್ರೋಲ್ ಉಳಿಯಲ್ಲ.

ಬೆಲೆ ಮಾತಾಡೋಕೆ ಮುಂಚೆ ಈ ಸರ್ವೀಸ್, ಬ್ಯಾಟರಿ, ಚೇಂಜ್ ಓವರ್, ಶೀಟು ಎಲ್ಲದರ ಲೆಕ್ಕ ಒಂದು ಚೀಟಿಯಲ್ಲಿ ಬರ್ಕೊಂಡು ಹೋಗಿ. ಹೊಸದಕ್ಕೆ 60 ಇರುವಾಗ, ವಾರಂಟಿ ಇಲ್ಲದ ಆರು ವರ್ಷದ್ದಕ್ಕೆ ಮೂರನೇ ಒಂದು ಭಾಗ ನ್ಯಾಯ, ಟೆಸ್ಟಲ್ಲಿ ಎಲ್ಲ ಚೊಕ್ಕ ಬಂದು, ನಿಮ್ಮ ಮೋಟ್ರೂ ಎದ್ರೆ 24ರವರೆಗೆ ಹೋಗಬಹುದು. ಅದಕ್ಕಿಂತ ಮೇಲೆ ಒಂದು ರೂಪಾಯಿ ಬೇಡ, ಅವ್ರು ಊರು ಬಿಡ್ತಿದ್ದಾರೆ, ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಇದನ್ನ ತಗೊಂಡು ಹೋಗಲ್ಲ, ನಿಮ್ಗಿಂತ ಅವ್ರಿಗೇ ಅರ್ಜೆಂಟು. ಲೋಡ್ ಹಾಕಿದಾಗ ವೋಲ್ಟೇಜ್, ಫ್ರೀಕ್ವೆನ್ಸಿ ಎಷ್ಟೆಷ್ಟು ಬಂತು ಅಂತ ಬರೆದು ಕಳ್ಸಿ, ಪ್ಲೇಟಿನ ಫೋಟೋನೂ ಇರ್ಲಿ, ನೋಡಿ ಹೇಳ್ತೀನಿ.